ಲಮಾರ್ ಹಟ್ಟೊ ರೈಫಲ್ ಆರಿಸಿದ್ದು

ಪೂರ್ವ ಟೆಕ್ಸಸ್‌ನ ಪೈನ್ ಕಾಡಿನ ಅಂಚಿನಲ್ಲಿರುವ ಆ ಊರಿನಲ್ಲಿ ಛತ್ರಿಯಿಲ್ಲದ ಮನೆ ಸಿಕ್ಕೀತು, ಬಂದೂಕಿಲ್ಲದ ಮನೆ ಸಿಗಲಾರದು ಎಂದು ಎಲ್ಲರೂ ನಂಬಿದ್ದರು. ಲಮಾರ್ ಹಟ್ಟೊ ಕೂಡ ಹಾಗೇ ಹೇಳುತ್ತಿದ್ದ. ಅವನ ಮನೆಯಲ್ಲಿ ಮಾತ್ರ ಇರಲಿಲ್ಲ.

ಲಮಾರ್ ಹೆದ್ದಾರಿ ಪಕ್ಕದ ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಐವತ್ತು ದಾಟಿದ ಎತ್ತರದ ಆಳು, ಮೆತ್ತಗಿನ ಕೈ, ಸದಾ ಇಸ್ತ್ರಿ ಹಾಕಿದ ಅಂಗಿ. ಅವನ ಅಪ್ಪ ಚರ್ಚಿನಲ್ಲಿ ಹಾಡು ಹೇಳಿಸುವವನು. ಬೇಟೆಯ ಗೊಡವೆಗೆ ಹೋದವನಲ್ಲ. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ವಾರ, ಶುಕ್ರವಾರವೇ ಶಾಲೆಯ ಗಂಡುಹುಡುಗರೆಲ್ಲ ಅಪ್ಪಂದಿರ ಹಿಂದೆ ಕಾಡು ಸೇರಿಬಿಡುತ್ತಿದ್ದರು. ತರಗತಿಯಲ್ಲಿ ಹುಡುಗಿಯರ ನಡುವೆ ಲಮಾರ್ ಒಬ್ಬ ಉಳಿಯುತ್ತಿದ್ದ. "ನೀನು ಹೋಗ್ಲಿಲ್ವೇನೋ?" ಎಂದು ಟೀಚರ್ ಪ್ರತಿ ವರ್ಷವೂ ಮರೆಯದೆ ಕೇಳುತ್ತಿದ್ದಳು. ದೊಡ್ಡವನಾದ ಮೇಲೆ ಕ್ಷೌರದಂಗಡಿಯಲ್ಲಿ ಬಂದೂಕಿನ ಮಾತು ಬಂದಾಗ ಹೂಂಗುಟ್ಟುವುದನ್ನು ಕಲಿತ. ಹೂಂ ಅನ್ನಬೇಕಾದ ಕಡೆ ಹೂಂ ಅಂದರೆ ಸಾಕು, ಯಾರೂ ಮನೆಗೆ ಬಂದು ಬೀರು ತೆಗೆದು ನೋಡುವುದಿಲ್ಲ.

ಅವನ ಗುಟ್ಟು ರಟ್ಟಾಗುವ ಹಾಗೆ ಮಾಡಿದ್ದು ಕಾಡುಹಂದಿಗಳು. ಮೇ ತಿಂಗಳ ಒಂದು ಬೆಳಿಗ್ಗೆ ಹೆಂಡತಿ ಓಪಲ್ ಹಿತ್ತಲಿಗೆ ಹೋದರೆ, ಅವಳು ಆಗಷ್ಟೇ ನಾಟಿ ಮಾಡಿದ್ದ ಗೆಣಸಿನ ಮಡಿಗಳನ್ನು ಯಾರೋ ಉತ್ತು ಹೋದ ಹಾಗಿತ್ತು. ಓಪಲ್ ಒಳಗೆ ಬಂದವಳೇ ಕೆಸರಿನ ಬೂಟು ಕೂಡ ಬಿಚ್ಚಲಿಲ್ಲ.

"ಊರಲ್ಲಿ ಎಲ್ಲ ಗಂಡಸರೂ ಏನು ಮಾಡ್ತಾರೋ ಅದನ್ನ ನೀನೂ ಮಾಡು. ಹೋಗಿ ಒಂದು ರೈಫಲ್ ತಗೊಂಬಾ."

"ಬಂದೂಕು ಅಂದ್ರೆ ಬಕೀಟಲ್ಲ ಓಪಲ್, ನೋಡಿ ತರ್ಬೇಕು," ಅಂದ ಲಮಾರ್. ಈ ಮಾತು ತನ್ನ ಬಾಯಲ್ಲಿ ಇಷ್ಟು ಚೆನ್ನಾಗಿ ಕೇಳುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಶನಿವಾರ ಅವನು ಡಾಯ್ಲ್ ಸ್ಪೈವಿಯ ಬಂದೂಕಿನ ಅಂಗಡಿಗೆ ಹೋದ. ಜೊತೆಗೆ ಓಪಲ್‌ಳ ತಮ್ಮ ರಾಯ್ಸ್ ಬಂದಿದ್ದ. ಹುಟ್ಟುವಾಗಲೇ ಬಂದೂಕು ಹಿಡಿದುಕೊಂಡು ಹುಟ್ಟಿದೆ ಅನ್ನುವ ಪೈಕಿ. ಡಾಯ್ಲ್ ಗಲ್ಲೆಯ ಮೇಲೆ ಮೂರು ರೈಫಲ್ ಇಟ್ಟ. ಒಂದು ತೀರಾ ದುಬಾರಿ, ಒಂದು ತೀರಾ ಅಗ್ಗ, ಒಂದು ನಡುವಿನದು. ಲಮಾರ್ ಹಾಸಿಗೆಯನ್ನೂ ಹೀಗೇ ಮಾರುತ್ತಿದ್ದ. ಗುರುತಿನ ಉಪಾಯ ಕಂಡು ಅವನಿಗೆ ಕೊಂಚ ಧೈರ್ಯ ಬಂತು.

"ಎಲ್ಲಾ ಸೆಮಿ-ಆಟೊಮ್ಯಾಟಿಕ್ಕೇ," ಅಂದ ಡಾಯ್ಲ್. "ಒಂದ್ಸಲ ಟ್ರಿಗರ್ ಎಳೆದ್ರೆ ಒಂದು ಗುಂಡು. ಮುಂದಿಂದು ತಾನೇ ಬಂದು ಕೂತ್ಕೊಳ್ಳುತ್ತೆ. ಹಂದಿ ಹಿಂಡಿಗೆ ಇದೇ ಸರಿ."

ಮೂರೂ ಕರ್ರಗೆ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಲಮಾರ್ ಮೆಲ್ಲಗೆ, "ಮತ್ತೆ ವ್ಯತ್ಯಾಸ ಏನು?" ಎಂದು ಕೇಳಿದ.

ಅಷ್ಟೇ ತಡ, ಅಂಗಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಹತ್ತಿರ ಬಂದರು.

"ಹಿಡ್ಕೊಂಡು ಅಲ್ಲಾಡ್ಸು ಭಾವ," ಅಂದ ರಾಯ್ಸ್. "ಮೇಲಿನರ್ಧ, ಕೆಳಗಿನರ್ಧ ಗಲಗಲ ಅಂದ್ರೆ ಮುಟ್ಲೇಬೇಡ. ಜೋಡಣೆ ಬಿಗಿ ಇರ್ಬೇಕು."

"ಯಾರು ಹೇಳಿದ್ದು?" ಅಂದ ನಿವೃತ್ತ ಅಂಚೆಯವನೊಬ್ಬ. "ಸ್ವಲ್ಪ ಸಡಿಲ ಇರೋದೇ ಒಳ್ಳೇದು. ಅಷ್ಟು ಬಿಗಿ ಇದ್ರೆ ಒಂದು ಚಿಟಿಕೆ ಮಣ್ಣು ಬಿದ್ರೂ ಕಚ್ಕೊಂಡು ಕೂರುತ್ತೆ."

"ನೀನು ಕೊನೇ ಸಲ ಮಣ್ಣಲ್ಲಿ ಬಿದ್ದಿದ್ದು ಯಾವಾಗಯ್ಯಾ?"

"ನಾನಲ್ಲ, ರೈಫಲ್ ಬೀಳೋದು!"

"ಇಬ್ರು ಹೇಳೋದೂ ನಿಜ," ಅಂದ ಡಾಯ್ಲ್. ಅವನ ಅಂಗಡಿಯಲ್ಲಿ ಎರಡೂ ಬಗೆಯದು ಇತ್ತು.

ಆ ದಿನ ಲಮಾರ್ ಏನನ್ನೂ ಕೊಳ್ಳಲಿಲ್ಲ. ಮುಂದಿನ ಶನಿವಾರ ಒಂದು ಭೂತಕನ್ನಡಿ ತಂದ. ನಳಿಗೆಯ ಒಳಮೈ ನೋಡಿದ, ತಿರುಪು ಕಳಚದ ಹಾಗೆ ಅಂಚು ಜಜ್ಜಿದ್ದಾರೋ ಇಲ್ಲವೋ ನೋಡಿದ, ಟ್ರಿಗರ್ ಎಳೆದಾಗ ಮರಳು ಅರೆದ ಹಾಗಾಗುತ್ತದೋ ಬೆಣ್ಣೆ ಕೊಯ್ದ ಹಾಗಾಗುತ್ತದೋ ಎಂದು ಕಣ್ಣು ಮುಚ್ಚಿ ಆಲಿಸಿದ. ಹಾಸಿಗೆಯ ಹೊಲಿಗೆ, ಸ್ಪ್ರಿಂಗು, ಅಂಚುಪಟ್ಟಿ ತೋರಿಸಿ ಜನರನ್ನು ಮರುಳು ಮಾಡಿದ ನಾಲಗೆ ಅವನದು. ಆ ನಾಲಗೆಗೆ ಹೊಸ ಮೇವು ಸಿಕ್ಕಿತು. ಒಂದು ದಿನ ಪಕ್ಕದಲ್ಲಿ ನಿಂತ ಗಿರಾಕಿಯೊಬ್ಬ ಅಗ್ಗದ ರೈಫಲ್ ಎತ್ತಿಕೊಂಡಾಗ ಲಮಾರ್ ತಡೆಯಲಾರದೆ, "ಇದರ ಬಣ್ಣ ನೋಡಿ ಸ್ವಾಮಿ. ಒಂದೇ ಕೈ ಹೊಡೆದಿದಾರೆ. ಕಾಣೋ ಕಡೇನೇ ಹೀಗಾದ್ರೆ ಕಾಣದ ಕಡೆ ಹೆಂಗಿರುತ್ತೆ?" ಅಂದ. ಗಿರಾಕಿ ಬೆಚ್ಚಿಬಿದ್ದು ದುಬಾರಿಯದನ್ನು ಕೊಂಡುಹೋದ.

ಮರುವಾರ ಡಾಯ್ಲ್ ಗಲ್ಲೆಯ ಪಕ್ಕ ಒಂದು ಕುರ್ಚಿ ಹಾಕಿಸಿದ. ಕಾಫಿಯನ್ನೂ ಕೊಟ್ಟ. ಬೇಸಿಗೆ ಮುಗಿಯುವ ಹೊತ್ತಿಗೆ "ಲಮಾರ್‌ನ ಕೇಳಿ ತಗೊಳ್ಳಿ" ಅನ್ನುವುದು ಊರಿನ ಮಾತಾಯಿತು. ಜಿಂಕೆ ಹೊಡೆದು ಗೋಡೆಗೆಲ್ಲ ಕೊಂಬು ತೂಗುಹಾಕಿದವರು ಕೂಡ ತಮ್ಮ ರೈಫಲ್ ತಂದು ಅವನ ಮುಂದೆ ಚಾಚಿ, ವೈದ್ಯನ ಎದುರು ನಾಲಗೆ ಚಾಚಿದವರ ಹಾಗೆ ಕಾದು ನಿಲ್ಲುತ್ತಿದ್ದರು. ಲಮಾರ್ ಅಲ್ಲಾಡಿಸಿ, ಕಿವಿಗೊಟ್ಟು, "ಹ್ಮ್" ಅನ್ನುತ್ತಿದ್ದ. ಆ "ಹ್ಮ್" ಕೇಳಿದ ಕೆಲವರಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ ಅವನು ಎಂದು ಯಾರಿಗೂ ತೋಚಲಿಲ್ಲ.

ಇತ್ತ ಹಂದಿಗಳು ಗೆಣಸು ಮುಗಿಸಿ ಕುಂಬಳಕ್ಕೆ ಬಂದವು. ಕುಂಬಳ ಮುಗಿಸಿ ಪಕ್ಕದ ಮನೆಯ ಲೂಡೀನ್‌ಳ ಹೂವಿನ ಪಾತಿಗೆ ನುಗ್ಗಿದವು.

"ರೈಫಲ್ ಎಲ್ಲಿ?" ಎಂದು ಓಪಲ್ ಪ್ರತಿ ಶನಿವಾರ ಸಂಜೆ ಕೇಳುತ್ತಿದ್ದಳು.

"ಇನ್ನೂ ನೋಡ್ತಿದೀನಿ."

"ನನ್ನನ್ನ ಮದುವೆ ಆಗುವಾಗ ಇಷ್ಟು ನೋಡ್ಲಿಲ್ಲ ನೀನು."

"ಆಗ ನಂಗೆ ತಿಳುವಳಿಕೆ ಇರ್ಲಿಲ್ಲ," ಅಂದುಬಿಟ್ಟ ಲಮಾರ್. ಆ ವಾರವಿಡೀ ಅವನ ತಟ್ಟೆಗೆ ತಣ್ಣಗಿನ ಬೀನ್ಸ್ ಬಿತ್ತು.

ಅಕ್ಟೋಬರಿನಲ್ಲಿ ಚರ್ಚಿನ ಗಂಡಸರ ಉಪಾಹಾರ ಕೂಟದಲ್ಲಿ ಮೊದಲ ರೈಫಲ್ ಆರಿಸುವುದು ಹೇಗೆ ಎಂದು ನಾಲ್ಕು ಮಾತಾಡಲು ಅವನನ್ನು ಕರೆದರು. ಲಮಾರ್ ಅಪ್ಪ ಹಾಡು ಹೇಳಿಸುತ್ತಿದ್ದ ಜಾಗದಲ್ಲೇ ನಿಂತು, ಉಕ್ಕಿನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದ. ಬಡವರ ಬಂದೂಕಿಗೂ ಒಂದು ಆತ್ಮವಿದೆ ಅಂದ. ಹಿಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ ಪಾಸ್ಟರ್ ಎದ್ದು ನಿಂತು, "ಬ್ರದರ್ ಹಟ್ಟೊ, ತಾವು ಯಾವುದು ಇಟ್ಕೊಂಡಿದೀರಿ?" ಎಂದು ಕೇಳಿದರು.

ಲಮಾರ್ ಕುತ್ತಿಗೆಪಟ್ಟಿ ಸರಿಮಾಡಿಕೊಂಡು, "ನಡುವಿನದ್ದು," ಅಂದ.

"ಹಾಗಾದ್ರೆ ಬರೋ ಶನಿವಾರ ಸಾಯಂಕಾಲ ಭಾವನ ಹಿತ್ತಲಲ್ಲೇ ಹಂದಿ ಬೇಟೆ!" ಎಂದು ರಾಯ್ಸ್ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಲಮಾರ್ ಅಲ್ಲಿಂದ ನೇರ ಡಾಯ್ಲ್‌ನ ಅಂಗಡಿಗೆ ಓಡಿದ. ಆದರೆ ಈಗ ಯಾವುದನ್ನು ಎತ್ತಿದರೂ ಅವನಿಗೇ ಕೊರತೆ ಕಾಣುತ್ತಿತ್ತು. ಒಂದರದ್ದು ತಿರುಪು ಸರಿಯಿಲ್ಲ, ಇನ್ನೊಂದರ ಟ್ರಿಗರ್ ಒರಟು, ಮತ್ತೊಂದು ತೀರಾ ಚೆನ್ನಾಗಿದೆ, ಅದಕ್ಕೇ ಅನುಮಾನ. ಡಾಯ್ಲ್‌ಗೆ ಬಾಗಿಲು ಹಾಕುವ ಹೊತ್ತಾಯಿತು.

"ಲಮಾರ್, ನಿನ್ನ ಹಾಸಿಗೆ ಅಂಗಡಿಗೆ ಹಿಂಗೆ ತೀರ್ಮಾನ ಮಾಡ್ಲಾರದೋನು ಬಂದ್ರೆ ಏನ್ ಮಾಡ್ತೀಯ?"

"ಯಾವುದೋ ಒಂದನ್ನ ಗಾಡಿಗೆ ಹೇರಿ ಕಳಿಸ್ತೀನಿ."

"ಹಂಗಿದ್ಮೇಲೆ ತಗೊ," ಅಂದ ಡಾಯ್ಲ್, ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಗೆ ಹಾಕಿ.

ಶನಿವಾರ ಸಂಜೆ ಗಂಡಸರೆಲ್ಲ ಮಡಚುವ ಕುರ್ಚಿ, ತಂಪುಪೆಟ್ಟಿಗೆ, ತಂತಮ್ಮ ರೈಫಲ್ ಸಮೇತ ಬಂದು ಹಿತ್ತಲ ಅಂಚಿನಲ್ಲಿ ಸಾಲಾಗಿ ಕೂತರು. ನಡುವಿನ ಕುರ್ಚಿ ಲಮಾರ್‌ನದು. ಹಂದಿ ಬಂದರೆ ಮೊದಲು ಯಾವ ಗುಂಡಿ ಒತ್ತಬೇಕೆಂಬುದೇ ಮರೆತುಹೋಗಿತ್ತು. ದೇವರೇ, ಒಂದು ಮಳೆಯನ್ನಾದರೂ ಕಳಿಸು ಎಂದು ಬೇಡಿಕೊಂಡ. ಮಳೆ ಬರಲಿಲ್ಲ. ಆದರೆ ಹಂದಿಗಳೂ ಬರಲಿಲ್ಲ.

ಓಪಲ್ ಬಿಸಿ ಬನ್ನಿನ ನಡುವೆ ಸಾಸೇಜ್ ಇಟ್ಟು ತಂದುಕೊಟ್ಟಳು. "ಅಬ್ಬ, ಎಂಥಾ ರುಚಿ ಅಕ್ಕ!" ಎಂದು ರಾಯ್ಸ್ ಎರಡನೆಯದಕ್ಕೆ ಕೈ ಚಾಚಿದ. ಐಸ್ ತರುವ ನೆಪದಲ್ಲಿ ಲಮಾರ್ ಅಡಿಗೆಮನೆಗೆ ಹೋಗಿ ಫ್ರೀಜರ್ ತೆರೆದ. ಒಳಗೆ ಕಟುಕನ ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣಗಳು ಬಾಗಿಲಿನವರೆಗೂ ತುಂಬಿದ್ದವು.

"ಇದೇನಿದು?"

"ಹಂದಿ," ಅಂದಳು ಓಪಲ್. "ಇಡೀ ಹಿಂಡು. ನಾನೂ ಲೂಡೀನೂ ಮೇವಿನಂಗಡಿಯಿಂದ ಕಬ್ಬಿಣದ ಜಾಲರಿ ತಂದು ಅವಳ ಹಿತ್ತಲಲ್ಲಿ ದೊಡ್ಡಿ ಕಟ್ಟಿದ್ವಿ. ಹುಳಿ ಬರಿಸಿದ ಜೋಳಕ್ಕೆ ಸ್ಟ್ರಾಬೆರಿ ಜೆಲ್ಲಿ ಪುಡಿ ಕಲಸಿ ಇಟ್ವಿ. ಬುಧವಾರ ಬೆಳಿಗ್ಗೆ ನೋಡಿದ್ರೆ ಎಲ್ಲಾ ಒಳಗೇ ಇದ್ವು, ಬಾಗಿಲು ಬಿದ್ದಿತ್ತು. ಕಟುಕನ್ನ ಕರೆಸಿದ್ವಿ, ಅವನೇ ಕೊಯ್ದು ಕಟ್ಟಿಕೊಟ್ಟ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನೀನು ಮನೇಲಿದ್ದೆಯಾ? ಡಾಯ್ಲ್ ಅಂಗಡೀಗೆ ಬಂದು ನಿನ್ನ ಗಿರಾಕಿಗಳ ಹಿಂದೆ ಸಾಲಲ್ಲಿ ನಿಂತ್ಕೊಬೇಕಿತ್ತಾ?"

ಲಮಾರ್‌ಗೆ ಮೊದಲು ಹೋದ ಜೀವ ಬಂದ ಹಾಗಾಯಿತು. ಆಮೇಲೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಐಸಿನ ತಟ್ಟೆ ಹಿಡಿದುಕೊಂಡು, ಟೀಚರ್ ಎದುರು ನಿಂತ ಹುಡುಗನ ಹಾಗೆ ನಿಂತೇ ಇದ್ದ. ಕಿಟಕಿಯಾಚೆ ಗಂಡಸರು ಇವನ ಖಾಲಿ ಕುರ್ಚಿಯ ಎರಡೂ ಕಡೆ ಕೂತು ಬಿಗಿಯೋ ಸಡಿಲವೋ ಎಂದು ಜಗಳವಾಡುತ್ತಿದ್ದರು.

"ಅವರಿಗೆ ಹೇಳ್ತೀಯಾ?" ಎಂದು ಕೇಳಿದ.

ಓಪಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೋಗು, ಐಸು ಕರಗುತ್ತೆ," ಅಂದಳು.

ಅವನು ಹೋಗಿ ಕತ್ತಲಾಗುವವರೆಗೂ ಅವರ ನಡುವೆ ಕೂತ. ಹಂದಿ ಬಾರದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹಂದಿ ಬಲು ಬುದ್ಧಿವಂತ ಪ್ರಾಣಿ, ಮನೆಯಲ್ಲಿ ಒಳ್ಳೆಯ ಬಂದೂಕಿದ್ದರೆ ಅದಕ್ಕೆ ವಾಸನೆಯಲ್ಲೇ ಗೊತ್ತಾಗುತ್ತದೆ ಎಂದು ಅಂಚೆಯವನು ವಿವರಿಸಿದ. ಎಲ್ಲರೂ ಒಪ್ಪಿದರು.

ಕ್ರಿಸ್ಮಸ್ ಹೊತ್ತಿಗೆ ಲಮಾರ್ ಹಾಸಿಗೆ ಅಂಗಡಿ ಬಿಟ್ಟು ಡಾಯ್ಲ್‌ನ ಬಳಿಯೇ ಕೆಲಸಕ್ಕೆ ಸೇರಿದ. ಅವನ ರೈಫಲ್ ಮನೆಯ ಬೀರುವಿನಲ್ಲಿ ಎಣ್ಣೆ ಸವರಿಸಿಕೊಂಡು ಹಾಯಾಗಿ ಮಲಗಿದೆ. ಗುಂಡಿನ ಡಬ್ಬಿಯ ಮುಚ್ಚಳವನ್ನು ಯಾರೂ ತೆರೆದಿಲ್ಲ. ಗಿರಾಕಿ ಅನುಮಾನಿಸಿದರೆ ಲಮಾರ್ ತಗ್ಗಿದ ದನಿಯಲ್ಲಿ, "ನೋಡಿ ಸ್ವಾಮಿ, ಅದು ಮನೆಗೆ ಬಂದ ದಿನದಿಂದ ನಮ್ಮ ಹಿತ್ತಲಿಗೆ ಒಂದು ಹಂದೀನೂ ಕಾಲಿಟ್ಟಿಲ್ಲ," ಅನ್ನುತ್ತಾನೆ. ಸುಳ್ಳೇನೂ ಅಲ್ಲ. ಮೊನ್ನೆ ರಾಯ್ಸ್ ತನ್ನ ಹಳೆಯದನ್ನು ಮಾರಿ ಅಂಥದ್ದನ್ನೇ ಕೊಂಡ. ಅದನ್ನು ತೋರಿಸಲು ಮನೆಗೆ ಬಂದವನ ಕೈಗೆ ಓಪಲ್ ಫ್ರೀಜರಿನಿಂದ ಸಾಸೇಜಿನ ಒಂದು ಪೊಟ್ಟಣವನ್ನೂ ತೆಗೆದು ಕೊಟ್ಟು ಕಳಿಸಿದಳು.