ಎಂಟು ಗಂಟೆಯ ರಕ್ತ

ಅನುಮಾನ ನಮ್ಮ ಮನೆಯವರ ಹುಟ್ಟುಗುಣ. ಅಂಗಡಿಯವನ ತಕ್ಕಡಿಯನ್ನೇ ನಂಬದ ಅವ್ವ ಆಸ್ಪತ್ರೆಯ ಸೂಜಿಯನ್ನು ನಂಬುತ್ತಾಳೆಯೇ? ನಾನೂ ಅವಳ ಮಗಳೇ.

ಎಪ್ಪತ್ತರ ದಶಕದ ಮಾತು. ಹನಗೋಡಿನ ಕಡೆ ಕೊಟ್ಟಿದ್ದ ನನ್ನ ಅಕ್ಕನಿಗೆ ಎರಡನೇ ಹೆರಿಗೆಯಲ್ಲಿ ಚಾಪೆ ತೊಯ್ಯುವಷ್ಟು ರಕ್ತ ಹೋಯಿತು. ಅವಳೂ ಉಳಿದಳು, ಮಗುವೂ ಉಳಿಯಿತು. ಆದರೆ ಎದೆಯಲ್ಲಿ ಹಾಲು ಬರಲಿಲ್ಲ, ವರ್ಷ ಕಳೆದರೂ ಮುಟ್ಟಾಗಲಿಲ್ಲ. ನಿಂತರೆ ತಲೆಸುತ್ತು, ಬಿಸಿಲಲ್ಲೂ ಚಳಿ. ತಂಬಾಕಿನ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಿಸಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಉಳಿದವರೆಲ್ಲ ಬೆವರು ಸುರಿಸಿ ಸೊಪ್ಪು ಕಟ್ಟುವಾಗ ಹಾಗೆ ಕೂತವಳನ್ನು ಯಾರು ನಂಬುತ್ತಾರೆ? "ಕಳ್ಳಂಗೊಂದು ಪಿಳ್ಳೆ ನೆವ" ಎನ್ನುತ್ತಿದ್ದಳು ಅವಳ ಅತ್ತೆ. ಭಾವನೂ ಅದನ್ನೇ ನಂಬಿದ್ದ. ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳುವ ಮಾತು ಶುರುವಾಗಿತ್ತು.

ಕೊನೆಗೆ ನಾವೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ಲೇಡಿ ಡಾಕ್ಟರು ಮೊದಲು ಕೇಳಿದ್ದೇ, "ಮಗೂಗೆ ಹಾಲು ಬಂತೇನಮ್ಮ?" ಅದುವರೆಗೆ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ. ತಲೆಯೊಳಗೆ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆಯಂತೆ. ಹೆರಿಗೆಯಲ್ಲಿ ರಕ್ತ ಹೋದಾಗ ಅದು ಕೆಟ್ಟಿದ್ದರೆ ಮೈಯ ಬೇರೆ ಗ್ರಂಥಿಗಳೂ ಸುಮ್ಮನಾಗುತ್ತವಂತೆ. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು, ಅದರಲ್ಲಿ ಹಾರ್ಮೋನು ಎಷ್ಟಿದೆ ಎಂದು ನೋಡಬೇಕು ಎಂದರು.

"ಎಂಟಕ್ಕೇ ಯಾಕಂತೆ? ಇವರೂ ರಾಹುಕಾಲ ನೋಡ್ತಾರಾ?" ಎಂದಳು ಅವ್ವ. ಆ ಹಾರ್ಮೋನು ಮೈಯಲ್ಲಿ ಹೆಚ್ಚಿರುವುದೇ ಆ ಹೊತ್ತಿನಲ್ಲಿ ಎಂದು ನನಗೆ ಗೊತ್ತಾದದ್ದು ಆಮೇಲೆ.

ಮಾರನೆಯ ಬೆಳಿಗ್ಗೆ ಅಕ್ಕ ವೆರಾಂಡದಲ್ಲಿ ನಿದ್ದೆಹೋಗಿದ್ದಳು. ಅವ್ವ ಅವಳ ಹೆಸರಿನ ಚೀಟಿಯನ್ನು ನನ್ನ ಕೈಗೆ ತುರುಕಿದಳು. "ಇವಳ ಮೈಯಾಗೆ ಇರಾದೇ ಒಂಚೂರು ರಕ್ತ. ಅದ್ನೂ ಕೊಟ್ಬುಟ್ರೆ ಏನು ಉಳೀತದೆ? ನೀನು ಓಗು ಕಣೆ. ಒಂದೇ ಒಟ್ಟೇಲಿ ಉಟ್ಟಿರೋರ ರಕ್ತ ಬ್ಯಾರೆ ಆಯ್ತದಾ?"

ನನಗೂ ಅದು ಸರಿಯೆನಿಸಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ರಕ್ತ ತೆಗೆಯುವವನು ಚೀಟಿ ನೋಡಿದ, ಮುಖ ನೋಡಲಿಲ್ಲ. ನಾನು ತೋಳು ಚಾಚಿದೆ. ಅಕ್ಕ ಎಚ್ಚರಾಗಿ ಕೇಳಿದಾಗ, "ನೆನ್ನೆ ಬೆರಳು ಚುಚ್ಚಿ ತಗಂಡ್ರಲ್ಲ, ಅದೇ ಸಾಕಂತೆ" ಎಂದಳು ಅವ್ವ.

ರಕ್ತ ಬೇರೆ ಊರಿನ ಲ್ಯಾಬಿಗೆ ಹೋಯಿತು. ಎರಡು ವಾರದ ಮೇಲೆ ಮತ್ತೆ ಹೋದಾಗ ಭಾವನೂ ಬಂದಿದ್ದ. ಡಾಕ್ಟರು ವರದಿಯನ್ನೂ ಅಕ್ಕನನ್ನೂ ಎರಡೆರಡು ಸಲ ನೋಡಿ, "ಎಲ್ಲ ಸರಿಯಾಗಿದೆಯಲ್ಲ..." ಎಂದು ರಾಗ ಎಳೆದರು. ಅವರಿಗೆ ವರದಿಯ ಮೇಲೇ ಅನುಮಾನ. ಭಾವ ಮಾತ್ರ ನಕ್ಕ. "ನಾ ಏಳಿರ್ನಿಲ್ವಾ?" ಎಂದು ಎದ್ದು ಹೊರಗೆ ಹೋದ.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ನಂಗೇನೂ ಆಗಿಲ್ವೇನೋ ಕಣೆ. ನಾನೇ ನಾಟ್ಕ ಆಡ್ತಿವ್ನೇನೋ."

ಊರೆಲ್ಲ ಅನುಮಾನಪಟ್ಟಾಗಲೂ ಅವಳು ತನ್ನನ್ನು ತಾನು ಅನುಮಾನಿಸಿರಲಿಲ್ಲ. ಅವ್ವ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರೂ ತೋಳು ಮುಂದೆ ಮಾಡಿ, "ಆ ರಕ್ತ ನಂದು ಮೇಡಂ" ಎಂದೆ.

ಡಾಕ್ಟರು ಬಯ್ಯಲಿಲ್ಲ. ಅಕ್ಕನನ್ನು ಅಂದೇ ವಾರ್ಡಿಗೆ ಸೇರಿಸಿ, ಮರುದಿನ ಎಂಟಕ್ಕೆ ಎದುರಿಗೇ ನಿಂತು ರಕ್ತ ತೆಗೆಸಿದರು. ವರದಿಗೆ ಕಾಯದೆ ಮಾತ್ರೆಯನ್ನೂ ಶುರುಮಾಡಿದರು. ಎರಡು ವಾರದ ಮೇಲೆ ಬಂದ ಈ ಸಲದ ವರದಿಯಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಡಾಕ್ಟರು ಭಾವನನ್ನು ವಾರ್ಡಿಗೆ ಕರೆಸಿ, "ಇವರು ಬದುಕಿರೋವರೆಗೂ ಮಾತ್ರೆ ತಗೋಬೇಕು. ಬಿಟ್ಟರೆ ಜೀವಕ್ಕೇ ಅಪಾಯ" ಎಂದರು.

ಅವ್ವ ಅಳತೊಡಗಿದಳು. ಅಕ್ಕ ಮಾತ್ರ ಮಂಚದ ಮೇಲೆ ನೆಟ್ಟಗೆ ಎದ್ದು ಕೂತು ಗಂಡನ ಮುಖವನ್ನೇ ನೋಡಿದಳು.

"ಕೇಳುಸ್ಕಂಡ್ರಾ?" ಎಂದಳು. "ನಂಗೆ ಕಾಯಿಲೆ ಐತಂತೆ."