ವಾಡಿಯ ಚರ್ಚಿನಲ್ಲಿ ಹೂಂ ಅಂದದ್ದು

ಭಾನುವಾರ ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಗುಂತಕಲ್ಲಿನ ಗಾಡಿಗೆ ಇನ್ನೂ ಎರಡು ತಾಸು ಇತ್ತು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಸಣ್ಣ ಚರ್ಚಿನಲ್ಲಿ ನೆರಳು ಕಂಡು ಒಳಹೊಕ್ಕೆ, ಹಿಂದಿನ ಬೆಂಚಿನಲ್ಲಿ ಕುಳಿತೆ.

ಒಂದು ಹೆಣ್ಣುಕೂಸಿಗೆ ದೀಕ್ಷಾಸ್ನಾನ ನಡೆದಿತ್ತು. ಪಾದ್ರಿ ಅದರ ನೆತ್ತಿಗೆ ನೀರು ಹಾಕಿ, "ಈ ಕೂಸಿನ್ನ ನೀವೆಲ್ಲಾರೂ ನೋಡ್ಕೋತೀರೇನು?" ಎಂದು ಸಭೆಯನ್ನು ಕೇಳಿದರು. ಎಲ್ಲರೂ ಎದ್ದು ನಿಂತು "ಹೂಂ, ನೋಡ್ಕೋತೀವಿ" ಅಂದರು. ಒಬ್ಬನೇ ಸುಮ್ಮನಿದ್ದರೆ ಚೆನ್ನಾಗಿರದೆಂದು ನಾನೂ ಗಟ್ಟಿಯಾಗಿ ಹೂಂ ಅಂದೆ.

ಆರಾಧನೆ ಮುಗಿದದ್ದೇ ಓಡಾಟ ಶುರುವಾಯಿತು. ದೀಕ್ಷಾಸ್ನಾನದ ದಿನ ತಾವು ಉಣ್ಣುವ ಮೊದಲು ಆಸ್ಪತ್ರೆಯ ರೋಗಿಗಳಿಗೆ ಊಟ ಒಯ್ಯುವುದು ಅಲ್ಲಿಯವರ ರೂಢಿಯಂತೆ. ಎಲ್ಲರ ಕೈಯಲ್ಲೂ ರೊಟ್ಟಿಯ ಬುಟ್ಟಿ, ಪಲ್ಯದ ಪಾತ್ರೆ. ಖಾಲಿ ಇದ್ದದ್ದು ನನ್ನ ಕೈ ಮಾತ್ರ. ಕೂಸಿನ ತಾಯಿ ನೇರ ನನ್ನ ಹತ್ತಿರವೇ ಬಂದಳು.

"ಕೂಸಿನ್ನ ಹಿಡೀರಿ ಅಣ್ಣಾರ, ಊಟ ಕೊಟ್ಟು ಬರ್ತೀವಿ."

"ನಾನು ಈ ಸಭೆಯವನಲ್ಲಮ್ಮ, ಗುಂತಕಲ್ಲಿನ ಗಾಡಿಗೆ ಕಾಯ್ತಾ ಇದ್ದೇನೆ."

"ಮತ್ತ ಹೂಂ ಅಂದೀರಲ್ರೀ? ನಾ ಕೇಳೀನಿ!"

ಕೂಸನ್ನು ನನ್ನ ಕೈಗಿಟ್ಟು ಅವಳು ಬುಟ್ಟಿ ಹಿಡಿದು ಹೊರಟೇಹೋದಳು. ಕೂಸು ನನ್ನ ಮುಖ ನೋಡಿ ಕಿರುಚಿ ಅತ್ತಿತು. ಹೆಗಲಿಗೆ ಹಾಕಿಕೊಂಡು ಬೆಂಚುಗಳ ನಡುವೆ ತಿರುಗಾಡಿದೆ. ಜೋಗುಳ ಬಾರದ್ದರಿಂದ ಮಗ್ಗಿ ಹೇಳಿದೆ. ಹದಿಮೂರರ ಮಗ್ಗಿಗೆ ಕಣ್ಣು ಮುಚ್ಚಿತು.

ಅಷ್ಟರಲ್ಲಿ ತಾಯಿ ಏದುಸಿರು ಬಿಡುತ್ತ ಓಡಿಬಂದಳು. "ಅಣ್ಣಾರ, ಕೂಸಿನ್ನ ಕೊಡ್ರಿ, ಓಡ್ರಿ! ನಿಮ್ಮ ಗಾಡಿ ಬಂದು ನಿಂತದ!"

"ಮೆಲ್ಲಗೆ ಮಾತಾಡಮ್ಮ," ಅಂದೆ. "ಈಗಷ್ಟೇ ಮಲಗಿದೆ."