ಪುಟ್ಟ ರೈಲಿನ ಪತ್ರಿಕೆಗಳೂ ಒಂದು ಬೇವಿನ ಗಿಡವೂ

ಪತ್ರಿಕೆಯನ್ನು ನಾನು ಹಿಂದಿನ ಪುಟದಿಂದ ಓದುತ್ತೇನೆ. ಮುಖಪುಟದ ಮೇಲೆ ನನಗೆ ನಂಬಿಕೆಯಿಲ್ಲ; ಪುಟ್ಟ ರೈಲಿನ ಪತ್ರಿಕೆಗಳ ಮುಖಪುಟದ ಮೇಲಂತೂ ಸುತರಾಂ ಇಲ್ಲ. ಅಂಥ ಪತ್ರಿಕೆಗಳೂ ಇವೆಯೇ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಹಲಗೆಯ ಮೇಲೆ ಹಳಿ ಜೋಡಿಸಿ, ಗೇಣುದ್ದದ ಬೋಗಿಗಳನ್ನು ಓಡಿಸಿ, ಸುತ್ತಲೂ ಗುಡ್ಡ, ಹೊಲ, ಸ್ಟೇಶನ್ನು ಕಟ್ಟಿಕೊಂಡು ಕೂಡುವ ದೊಡ್ಡವರ ಆಟವೊಂದಿದೆ. ಆಡುವವರು ಅದನ್ನು ಆಟ ಎನ್ನುವುದಿಲ್ಲ. ಪತ್ರಿಕೆಗಳು ಬೇಕಾಗುವುದು ಅದಕ್ಕೇ.

ಮುಖಪುಟದಲ್ಲಿ ಯಾವಾಗಲೂ ಒಂದು ಇಂಜಿನ್ನು ಸೇತುವೆ ದಾಟುತ್ತಿರುತ್ತದೆ. ಹೊಗೆ ಹತ್ತಿಯದು, ಹೊಳೆ ವಾರ್ನಿಷಿನದು, ಹುಲ್ಲು ಬಣ್ಣ ಹಚ್ಚಿದ ಕಟ್ಟಿಗೆಯ ಹೊಟ್ಟು. ಪ್ಲಾಟ್‌ಫಾರ್ಮಿನ ಮೇಲೆ ಒಂದು ಶೇಂಗಾ ಸಿಪ್ಪೆಯಿಲ್ಲ, ಕಂಬದ ಬುಡದಲ್ಲಿ ಎಲೆ ಅಡಿಕೆಯ ಕಲೆಯಿಲ್ಲ. ಅಂಥ ಸ್ಟೇಶನ್ನಿಗೆ ಯಾರೂ ಯಾರನ್ನೂ ಕಳಿಸಲು ಬಂದಿರಲಾರರು. ನೋಡುತ್ತ ಕೂತರೆ ನನಗೆ ಅಂಗಾಲು ತುರಿಸುತ್ತದೆ, ಎದ್ದು ಅಡ್ಡಾಡುತ್ತೇನೆ.

ಈ ಪತ್ರಿಕೆಗಳ ಗುಣ ಅಳೆಯುವ ಕೆಲಸ ಈಚೆಗೆ ನನ್ನ ಕೊರಳಿಗೆ ಬಿತ್ತು. ಅತ್ತೆಯವರಿಗೆ ಮೊಣಕಾಲಿನ ಆಪರೇಶನ್ ಆಯಿತು. ಧಾರವಾಡದಲ್ಲಿ ಅವರು ಮಲಗುವ ಕೋಣೆ ಮಹಡಿಯ ಮೇಲೆ. ಹೀಗಾಗಿ ಕೆಲವು ತಿಂಗಳ ಮಟ್ಟಿಗೆ ಹುಬ್ಬಳ್ಳಿಯ ನವನಗರದ ನಮ್ಮ ಮನೆಯ ಕೆಳಗಿನ ಕೋಣೆಗೆ ಬರುವುದೆಂದಾಯಿತು. ಆ ಕೋಣೆ ಅಲ್ಲಿಯವರೆಗೆ ನನ್ನದು. ಒಂದು ಗೋಡೆಗೆ ಹಳಿಯ ಹಲಗೆ, ಉಳಿದ ಗೋಡೆಗಳಿಗೆ ಪತ್ರಿಕೆಗಳ ಒಟ್ಟಿಲು.

"ಮಂಚ ಇಲ್ಲೆ ಬರ್ತದ," ಎಂದಳು ಹೆಂಡತಿ ಶೈಲಾ, ಕೈಯಲ್ಲಿ ಟೇಪು ಹಿಡಿದು. "ಕಪಾಟಿನ್ಯಾಗ ಒಂದ ಖಾನೆ ನಿಮಗ. ಉಳದದ್ದೆಲ್ಲಾ ರದ್ದಿಯಂವಗ."

"ಮತ್ತ ಹಲಿಗಿ?"

"ರವಿವಾರ ಅವ್ವ ಬರ್ತಾಳ. ಆಕಿ ಹೂಂ ಅಂದ್ರ ಇರ್ತದ, ಊಂಹೂಂ ಅಂದ್ರ ಅದೂ ಹೊರಗ. ಆಕಿ ಕೋಣಿ, ಆಕಿ ಮರ್ಜಿ."

ಆ ಹಲಗೆಯ ಮೇಲಿರುವುದು ಹುಬ್ಬಳ್ಳಿ-ಧಾರವಾಡದ ನಡುವಿನ ಒಂದು ಸಣ್ಣ ಸ್ಟೇಶನ್ನು. ಈಗಿನದಲ್ಲ, ಅದನ್ನು ಕಟ್ಟುವ ಮೊದಲು ಅಲ್ಲಿದ್ದ ಹಳೆಯ ಹಂಚಿನದು. ನಾನೂ ಗೆಳೆಯ ಬಸಣ್ಣನೂ ವರ್ಷಗಟ್ಟಲೆ ಸಂಜೆ ಕೂತು ಕಟ್ಟಿದ್ದು. ಅದು ಹೋದರೆ ಹಲಗೆಯಷ್ಟೇ ಹೋಗುವುದಿಲ್ಲ. ನಾವಿಬ್ಬರೂ ಕೂಡಿ ಕೂಡಲು ಬೇರೆ ನೆಪವಿಲ್ಲ. ರಾಜಕೀಯ ಮಾತಾಡಿದರೆ ನಮಗೆ ಜಗಳವಾಗುತ್ತದೆ.

ಬಸಣ್ಣ ಹುಬ್ಬಳ್ಳಿಯ ದೇಶಪಾಂಡೆ ನಗರದವನು, ಹತ್ತಿ ವ್ಯಾಪಾರದ ಮನೆತನ. ಹತ್ತಿಯ ಎಳೆಯನ್ನು ಬೆರಳಲ್ಲಿ ಜಗ್ಗಿ ನೋಡಿ ದರ ಹೇಳುವ ಜನ. ಶನಿವಾರ ಪತ್ರಿಕೆ ಆರಿಸಲು ಬಂದವನು ಒಂದನ್ನೂ ತೆರೆಯಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದ ತಿಕ್ಕಿ ತಿಕ್ಕಿ ಎರಡು ರಾಶಿ ಮಾಡತೊಡಗಿದ.

"ಇದು ಮಾಲು ನೋಡಪಾ," ಎಂದ, ಮಿರಿಮಿರಿ ಮಿಂಚುವ ವಿಲಾಯಿತಿ ಪತ್ರಿಕೆಯೊಂದನ್ನು ಸವರುತ್ತ. "ಕೈಗೇ ತಿಳೀತದ. ಆ ತೆಳ್ಳಂದು ಚುರಮರಿ ಕಟ್ಟಾಕ ಛಲೋ."

ತೆಳ್ಳಗಿನದು ಎಂದರೆ ನಮ್ಮ ದೇಶದ್ದೇ ಕೆಲವು ಹುಚ್ಚರು ಸೇರಿ ಅಚ್ಚು ಹಾಕಿಸಿ, ಎರಡು ಪಿನ್ನು ಹೊಡೆದು ಕಳಿಸುವ ಪತ್ರಿಕೆ. ಅದರ ಚಿತ್ರಗಳಲ್ಲಿ ಇಂಜಿನ್ನು ಯಾವುದು, ಎಮ್ಮೆ ಯಾವುದು ತಿಳಿಯುವುದಿಲ್ಲ. ಬಸಣ್ಣನಿಗೆ ಅದರ ಮೇಲೆ ಸಿಟ್ಟಿರುವುದಕ್ಕೆ ಕಾರಣವೂ ಇದೆ. ನಮ್ಮ ಸ್ಟೇಶನ್ನಿನ ನಕ್ಷೆ ಪ್ರಕಟವಾದದ್ದು ಅದರಲ್ಲೇ. ನಕ್ಷೆಯನ್ನು ಹಾಗೆಯೇ ಕತ್ತರಿಸಿ ಬಳಸಬಹುದು ಎಂದು ಬರೆದಿದ್ದರು. ಬಸಣ್ಣ ಹಾಗೆಯೇ ಅದನ್ನು ರಟ್ಟಿಗೆ ಅಂಟಿಸಿ, ಕತ್ತರಿಸಿ, ಗೋಡೆ ನಿಲ್ಲಿಸಿ, ಹಂಚು ಹೊದಿಸಿ, ಸುಣ್ಣ ಬಳಿದ. ಕೊನೆಗೆ ಬೆರಳ ತುದಿಯಷ್ಟು ಎತ್ತರದ ಸ್ಟೇಶನ್ ಮಾಸ್ತರನನ್ನು ಬಾಗಿಲ ಮುಂದೆ ನಿಲ್ಲಿಸಿದೆವು. ಬಾಗಿಲು ಅವನ ಎದೆಗೆ ಬಂತು.

ಪುಟಕ್ಕೆ ಹಿಡಿಸಲಿ ಎಂದು ಅಚ್ಚಿನ ಮನೆಯಲ್ಲಿ ಯಾರೋ ನಕ್ಷೆಯನ್ನು ಕುಗ್ಗಿಸಿದ್ದರು. ನಕ್ಷೆಯ ಪಕ್ಕದ ಅಳತೆಗೆರೆಯ ಮೇಲೆ ಮೊದಲು ಸ್ಟೀಲಿನ ಪಟ್ಟಿ ಇಟ್ಟು ನೋಡು ಎಂಬುದು ಈ ಆಟದ ಮೊದಲ ಪಾಠ. ನಮ್ಮ ಕಡೆಯ ಸ್ಟೇಶನ್ನು ಅಚ್ಚಾದ ಸಡಗರದಲ್ಲಿ ಇಬ್ಬರೂ ಪಟ್ಟಿ ಮುಟ್ಟಿರಲಿಲ್ಲ.

"ಮಾಸ್ತರ ಬಗ್ಗಿ ಒಳಗ ಹೋಗಬೇಕಾತಲ್ಲೋ," ಎಂದೆ.

"ಸರಕಾರಿ ಆಫೀಸಿಗೆ ಬಗ್ಗೇ ಹೋಗಬೇಕಲೇ," ಎಂದ ಬಸಣ್ಣ. ಆದರೆ ಅಂದು ಚಹಾ ಕುಡಿಯದೆ ಎದ್ದುಹೋದ.

ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ತಿದ್ದುಪಡಿ ಬಂತು: ನಕ್ಷೆ ಚಿಕ್ಕದಾಗಿ ಅಚ್ಚಾಗಿದೆ, ದಯವಿಟ್ಟು ಯಾರೂ ಕತ್ತರಿಸಬೇಡಿ, ಕತ್ತರಿಸಿದವರು ಕ್ಷಮಿಸಿ. ನಾವು ಪಟ್ಟಿ ಹಿಡಿದು ಸ್ಟೇಶನ್ನನ್ನು ಇನ್ನೊಮ್ಮೆ ಕಟ್ಟಿದೆವು. ನಾನು ಪತ್ರಿಕೆಗಳನ್ನು ಹಿಂದಿನಿಂದ ಓದತೊಡಗಿದ್ದು ಅಂದಿನಿಂದ. ವಿಲಾಯಿತಿ ಪತ್ರಿಕೆಗಳ ಕೊನೆಯ ಪುಟದಲ್ಲಿ ಬರೇ ಜಾಹೀರಾತು.

ಅಳತೆಯ ಈ ಹುಚ್ಚು ನಮಗೆ ಮಾತ್ರ ಯಾಕೆ ಹತ್ತಿತೋ. ಚಾಲುಕ್ಯರ ಕಾಲದ ಶಿಲ್ಪಿಗಳು ಗುಡಿಯ ಗೋಡೆಯ ಮೇಲೆಯೇ ಗೇಣುದ್ದದ ಗುಡಿಗಳನ್ನು ಕೆತ್ತಿಟ್ಟರು, ಶಿಖರ ಕಲಶ ಸಮೇತ. ಅದರ ಬಾಗಿಲಲ್ಲಿ ಅರ್ಚಕ ಹಿಡಿಸುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಅವರದು ಭಕ್ತಿ, ನಮ್ಮದು ಸಂಶಯ. ಸಂಶಯಕ್ಕೆ ಪಟ್ಟಿ ಬೇಕು.

ಸಂಶಯದ ಮಾತು ಬಂದದ್ದಕ್ಕೆ ನನ್ನದೂ ಒಂದು ತಿದ್ದುಪಡಿ. ಬಸಣ್ಣ ಚಹಾ ಕುಡಿಯದೆ ಎದ್ದುಹೋದ ಎಂದು ಮೇಲೆ ಬರೆದೆ. ಅವನನ್ನು ಕೇಳಿದರೆ, ಅಂದು ಚಹಾದ ಜೊತೆ ಗಿರಮಿಟ್ಟೂ ತಿಂದೆ ಎನ್ನುತ್ತಾನೆ. ಯಾವುದು ಖರೆಯೋ ಗೊತ್ತಿಲ್ಲ. ಚಹಾ ಇಲ್ಲದಿದ್ದರೆ ಕಥೆ ಚೆನ್ನಾಗಿ ಕೂಡುತ್ತದೆ. ಆದ್ದರಿಂದಲೇ ನನಗೆ ಅನುಮಾನ. ನೆನಪು ಮಿಂಚುವ ಕಾಗದದ ಪತ್ರಿಕೆ. ಶೇಂಗಾ ಸಿಪ್ಪೆ ಗುಡಿಸಿ ಆಮೇಲೆ ಚಿತ್ರ ತೆಗೆಯುತ್ತದೆ.

ಶನಿವಾರ ಸಂಜೆಯವರೆಗೂ ಕೂತೆ, ಎದ್ದೆ, ಮತ್ತೆ ಕೂತೆ. ನಕ್ಷೆ ನೋಡಿ ಆರಿಸಿದರೆ ಒಂದು ರಾಶಿ, ಬರವಣಿಗೆ ನೋಡಿದರೆ ಇನ್ನೊಂದು. ಕಡೆಗೆ ತಿದ್ದುಪಡಿ ಹಾಕುವ ತೆಳ್ಳಗಿನವನ್ನೆಲ್ಲ ಖಾನೆಗೆ ತುಂಬಿದೆ. ಮಿಂಚುವ ಮಾಲನ್ನು ಬಸಣ್ಣ ಗೋಣಿಚೀಲದಲ್ಲಿ ಹೊತ್ತೊಯ್ದ. "ಹಾಳಾಗಿ ಹೋಗು, ಚುರಮರಿ ತಿನ್ನು," ಎಂದು ಹರಸಿದ.

ರವಿವಾರ ಅತ್ತೆಯವರು ವಾಕರ್ ಊರುತ್ತ ಬಂದರು. ಬಸಣ್ಣ ತೀರ್ಪು ಕೇಳಲು ಮೊದಲೇ ಹಾಜರು. ಅವರು ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ಹಲಗೆಯ ಮುಂದೆ ನಿಂತರು.

"ಇದು ನಮ್ಮ ಸ್ಟೇಶನ್ ಅಲ್ಲೇನ್ರಿ ಅಳಿಯಂದ್ರ?"

ಆ ಊರಿನ ಶಾಲೆಯಲ್ಲಿ ಅವರು ಕಲಿಸುತ್ತಿದ್ದರಂತೆ, ದಿನಾ ಅಲ್ಲಿ ಇಳಿದು ಹತ್ತುತ್ತಿದ್ದರಂತೆ. ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಶೈಲಾಳತ್ತ ನೋಡಿದೆ. ಎಷ್ಟೋ ಸಲ ಹೇಳಿದ್ದಳಂತೆ.

"ಛಂದ ಮಾಡೀರಿ," ಎಂದರು ಅತ್ತೆ. ನಾನು ಹಲಗೆಯ ಅಂಚು ಹಿಡಿದೆ. ಛಂದ ಅಂದಮೇಲೆ ಮುಂದೆ ಹೇಳುವುದೇನೂ ಉಳಿದಿರುವುದಿಲ್ಲ, ಹಲಗೆಯ ಜಾಗಕ್ಕೆ ಮಂಚ ಬರುತ್ತದೆ. ಅಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು. "ಬೇವಿನ ಗಿಡ ಇಲ್ಯಾಕ ಬಂತು?"

ಆ ಗಿಡ ನಮ್ಮ ಹಳೆಯ ವ್ಯಾಜ್ಯ. ಅದು ಕಟ್ಟಡದ ಧಾರವಾಡದ ಕಡೆಗಿತ್ತು ಎಂದು ನಾನು, ಹುಬ್ಬಳ್ಳಿಯ ಕಡೆಗಿತ್ತು ಎಂದು ಬಸಣ್ಣ. ಫೋಟೋ ಯಾರ ಬಳಿಯೂ ಇಲ್ಲ. ಅದಕ್ಕೇ ಅದನ್ನು ಅಂಟಿಸಿರಲಿಲ್ಲ.

"ಹಿಂದ ನಳದ ಹತ್ರ ಇತ್ತು," ಎಂದರು ಅತ್ತೆ. "ಡಬ್ಬಿ ತೊಳಕೊಂಡು ಅದರ ನೆಳ್ಳಾಗ ನಿಂದರ್ತಿದ್ದೆ."

"ಅವ್ವಾ, ನಳದ ಹತ್ರ ಇದ್ದದ್ದು ಹುಣಸಿ ಗಿಡ," ಎಂದಳು ಶೈಲಾ.

"ನೀ ಸಣ್ಣಾಕಿ ಇದ್ದಿ, ಸುಮ್ನಿರು."

"ವೈನಿ ಅಂದಿದ್ದೂ ಖರೇನ ಇರಬಹುದ್ರಿ," ಎಂದ ಬಸಣ್ಣ, ಶೈಲಾಳ ಪರ ವಹಿಸಿ ಬೆಂಕಿಗೆ ಎಣ್ಣೆ ಹೊಯ್ಯುತ್ತ.

ಅತ್ತೆಯವರು ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಿಂದ ಗಿಡವನ್ನು ಎತ್ತಿ ಹಿಂದೆ ನೆಟ್ಟರು. ಆಮೇಲೆ ಮಗಳಿಗೆ ಹೇಳಿದರು: "ಮಂಚ ಆ ಕಡೆ ಗ್ವಾಡಿಗೆ ಹಾಕ. ಹಲಿಗಿ ಇಲ್ಲೇ ಇರ್ಲಿ. ಇವರಿಬ್ಬರ ಕೈಯಾಗ ಬಿಟ್ರ ಊರೇ ದಿಕ್ಕ ತಪ್ಪತದ."

ಸ್ಟೇಶನ್ನು ಪೂರಾ ಸರಿಯಾಗಿದ್ದಿದ್ದರೆ ಛಂದ ಎಂಬಲ್ಲಿಗೇ ಮಾತು ಮುಗಿದು, ಅದು ಹೊರಗೆ ಬೀಳುತ್ತಿತ್ತೇನೋ. ತಪ್ಪು ಅದನ್ನು ಉಳಿಸಿತು. ಈಗ ಆರೋಗ್ಯ ವಿಚಾರಿಸಲು ಬಂದವರೆಲ್ಲ ಆ ಗಿಡವನ್ನು ತಮಗೆ ತಿಳಿದಲ್ಲಿಗೆ ಸರಿಸುತ್ತಾರೆ, ಅತ್ತೆಯವರು ಗದರಿ ತಿರುಗಿ ನಳದ ಹತ್ತಿರ ನೆಡುತ್ತಾರೆ. ಹಾಗೆ ನೆಡಲು ಮಂಚದಿಂದ ಎದ್ದು ನಾಲ್ಕು ಹೆಜ್ಜೆ ನಡೆಯಬೇಕಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ. ಶೀಶೆಯಲ್ಲಿ ಗೋಂದು ಒಣಗಿಹೋಗಿದೆ. ಹೊಸದನ್ನು ತರುವ ಅವಸರ ನನಗಿಲ್ಲ.